ಬ್ಯಾಂಕಾಕ್‌ನ ಬೌದ್ಧ ದೇವಾಲಯಗಳು: ಒಬ್ಬರೇ ಹೊರಟವರಿಗೆ ಹಂತ ಹಂತದ ದಾರಿ

ಬ್ಯಾಂಕಾಕ್‌ಗೆ ಒಬ್ಬರೇ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಯಾವ ಬಟ್ಟೆ ಹಾಕಬೇಕು? ಎಲ್ಲಿಂದ ಶುರು ಮಾಡಬೇಕು? ಆಟೋದವರು ಮೋಸ ಮಾಡುತ್ತಾರಂತೆ, ಹೌದಾ? ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ? ಇದನ್ನೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ಈ ಊರಿನಲ್ಲಿ ನಾನೂರಕ್ಕೂ ಹೆಚ್ಚು ಬೌದ್ಧ ದೇವಾಲಯಗಳಿವೆ. ದಿನಕ್ಕೆ ಆರು ನೋಡುತ್ತೇನೆ ಎಂದು ಹೊರಟವರಿಗೆ ಸಂಜೆ ಹೊತ್ತಿಗೆ ಯಾವುದು ಯಾವುದೆಂದೇ ನೆನಪಿರುವುದಿಲ್ಲ. ದಿನಕ್ಕೆ ಮೂರು ಸಾಕು. ಗುಂಪಿನಲ್ಲಿ ಬಂದವರಿಗೆ ಗೈಡ್ ಬಾವುಟ ಎತ್ತಿದ ಕೂಡಲೇ ಎದ್ದು ಹೊರಡಬೇಕಾದ ಪಾಡು. ನಿಮಗೆ ಆ ಗೋಜಿಲ್ಲ, ಒಂದು ಕಂಬಕ್ಕೆ ಒರಗಿ ಅರ್ಧ ಗಂಟೆ ಕೂತರೂ ಕೇಳುವವರಿಲ್ಲ. ಮುಂದಿನದನ್ನೆಲ್ಲ ಈ ಅನುಕೂಲ ಬಳಸಿಕೊಳ್ಳುವ ಲೆಕ್ಕದಲ್ಲೇ ಹೇಳಿದ್ದೇನೆ.

1. ಹೊರಡುವ ಮೊದಲು

ವೀಸಾ ನಿಯಮ ಆಗಾಗ ಬದಲಾಗುತ್ತದೆ. ಹೋದ ವರ್ಷ ಹೋಗಿಬಂದ ಗೆಳೆಯರ ಮಾತು ನಂಬಬೇಡಿ, ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ. 2025ರ ಮೇ 1ರಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ: ಡಿಜಿಟಲ್ ಅರೈವಲ್ ಕಾರ್ಡ್. ಅಂದರೆ ಮೊದಲು ವಿಮಾನದಲ್ಲಿ ಕೈಗೆ ಕೊಡುತ್ತಿದ್ದ ಚೀಟಿಯನ್ನು ಈಗ ಆನ್‌ಲೈನ್‌ನಲ್ಲಿ ತುಂಬಬೇಕು. ಅಲ್ಲಿ ಇಳಿಯುವ ದಿನಕ್ಕೆ ಮುಂಚಿನ ಮೂರು ದಿನಗಳಲ್ಲಿ ತುಂಬಿದರಾಯಿತು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ಜಾಲತಾಣ ಕಣ್ಣಿಗೆ ಬಿದ್ದರೆ ಅದು ಥಾಯ್ ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಫೋನ್‌ನಲ್ಲಿ ಮೂರು ಫೋಟೊ ಇರಲಿ: ಪಾಸ್‌ಪೋರ್ಟ್‌ನ ಮೊದಲ ಪುಟ, ಇಮಿಗ್ರೇಷನ್ ಮುದ್ರೆ ಬಿದ್ದ ಪುಟ, ಮತ್ತು ಹೋಟೆಲ್‌ನ ವಿಳಾಸ ಥಾಯ್ ಲಿಪಿಯಲ್ಲಿ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ರಾತ್ರಿ ಟ್ಯಾಕ್ಸಿಯವನ ಮುಂದೆ ನಿಂತಾಗ ಇಂಗ್ಲಿಷ್ ವಿಳಾಸಕ್ಕಿಂತ ಅದೇ ಕೆಲಸಕ್ಕೆ ಬರುತ್ತದೆ. ಟ್ಯಾಕ್ಸಿ ಕರೆಸುವ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್ ಊರಲ್ಲೇ ಹಾಕಿಕೊಂಡು ಹೊರಡಿ. ಪ್ರವಾಸಿ ಪೊಲೀಸರ ಸಂಖ್ಯೆ 1155, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ.

ಕಾಲ ಯಾವುದು ಒಳ್ಳೆಯದು ಎಂದರೆ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್‌ನಲ್ಲಿ ದೇವಾಲಯದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯುವುದು ಶಿಕ್ಷೆ. ಮಳೆಗಾಲದಲ್ಲಿ ಹೋಗಬಹುದು, ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿದು ನಿಲ್ಲುತ್ತದೆ.

2. ಬಟ್ಟೆ ಮತ್ತು ಚೀಲ

ಭುಜ ಮುಚ್ಚಿರಬೇಕು, ಮೊಣಕಾಲು ಮುಚ್ಚಿರಬೇಕು. ಇದು ಗಂಡಸರಿಗೂ ಅನ್ವಯಿಸುತ್ತದೆ. ಬರ್ಮುಡಾ ಹಾಕಿಕೊಂಡು ಬಂದು ಅರಮನೆಯ (ಗ್ರ್ಯಾಂಡ್ ಪ್ಯಾಲೇಸ್) ಬಾಗಿಲಲ್ಲಿ ಪೇಚಾಡುವವರು ಹೆಚ್ಚಾಗಿ ಗಂಡಸರೇ. ತೋಳಿಲ್ಲದ ಅಂಗಿ, ಹರಿದ ಜೀನ್ಸ್, ಮೈಗಂಟುವ ಲೆಗ್ಗಿಂಗ್ಸ್, ಪಾರದರ್ಶಕ ಬಟ್ಟೆ ಯಾವುದೂ ಅಲ್ಲಿ ನಡೆಯುವುದಿಲ್ಲ. ಹೆಗಲ ಮೇಲೆ ದುಪಟ್ಟಾ ಹೊದ್ದರೆ ಸಾಕು ಎಂದುಕೊಳ್ಳಬೇಡಿ, ಬೇರೆ ಕಡೆ ನಡೆದರೂ ಅರಮನೆಯಲ್ಲಿ ಆಕ್ಷೇಪಿಸುತ್ತಾರೆ. ನಮ್ಮ ಹತ್ತಿಯ ಕುರ್ತಾ, ಸಡಿಲ ಪ್ಯಾಂಟ್ ಅಥವಾ ಸಲ್ವಾರ್‌ಗಿಂತ ಒಳ್ಳೆಯ ಉಡುಪು ಇಲ್ಲ.

ಕಾಲಿಗೆ ಲೇಸ್ ಇಲ್ಲದ ಚಪ್ಪಲಿ. ದಿನಕ್ಕೆ ಹತ್ತು ಸಲ ಬಿಟ್ಟು ಹಾಕಬೇಕಾಗುತ್ತದೆ. ಚಪ್ಪಲಿ ಇಟ್ಟುಕೊಳ್ಳಲು ಒಂದು ಬಟ್ಟೆಚೀಲ ಜೊತೆಗಿರಲಿ, ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುವ ಕಡೆ ಉಪಯೋಗಕ್ಕೆ ಬರುತ್ತದೆ. ನೀರು, ಟೋಪಿ, ಕೊಡೆ. ಟೋಪಿಯನ್ನು ಒಳಗೆ ಹೋಗುವಾಗ ತೆಗೆಯಿರಿ.

ಚಿಲ್ಲರೆ ಬೇಕೇ ಬೇಕು. ಒಂದು ಬಾತ್ ಎಂದರೆ ಎರಡೂವರೆಯಿಂದ ಮೂರು ರೂಪಾಯಿಯ ನಡುವೆ ಎಂದು ಲೆಕ್ಕ ಹಾಕಿಕೊಳ್ಳಿ. ದೋಣಿಗೆ, ಹೂವಿಗೆ, ಕಾಣಿಕೆಗೆ ಕಾರ್ಡ್ ನಡೆಯುವುದಿಲ್ಲ. 20ರ ನೋಟುಗಳನ್ನು ಬೇರೆ ಜೇಬಿನಲ್ಲಿಡಿ.

3. ಐದು ಪದ ಗೊತ್ತಿರಲಿ

ವಾಟ್ ಎಂದರೆ ಇಡೀ ಆವರಣ: ಗುಡಿ, ಸ್ತೂಪ, ಭಿಕ್ಷುಗಳ ವಸತಿ ಎಲ್ಲ ಸೇರಿ. ಅದರೊಳಗೆ ಉಬೋಸೋತ್ (ಬಾಯಿಮಾತಿನಲ್ಲಿ ಬೋತ್) ಎನ್ನುವುದು ಭಿಕ್ಷುಗಳಿಗೆ ದೀಕ್ಷೆ ಕೊಡುವ ಮುಖ್ಯ ಮಂಟಪ. ಸುತ್ತ ಎಂಟು ಸೀಮಾ ಕಲ್ಲುಗಳು ಕಂಡರೆ ಅದೇ ಎಂದು ತಿಳಿಯಬಹುದು. ವಿಹಾನ್ ಎನ್ನುವುದು ಜನ ಸೇರುವ ಮಂಟಪ. ಚೇದಿ ಎಂದರೆ ಗಂಟೆಯಾಕಾರದ ಸ್ತೂಪ, ಅವಶೇಷ ಅಥವಾ ಚಿತಾಭಸ್ಮ ಇಡುವ ಜಾಗ. ಪ್ರಾಂಗ್ ಎಂದರೆ ಖ್ಮೇರ್ (ಕಾಂಬೋಡಿಯಾದ) ಶೈಲಿಯ ಎತ್ತರದ ಗೋಪುರ, ವಾಟ್ ಅರುಣ್‌ನಲ್ಲಿರುವ ಬಗೆಯದು.

ಇಷ್ಟು ತಿಳಿದರೆ ಒಂದು ಲಾಭವಿದೆ. ಜನಸಂದಣಿ ಹೆಸರಾದ ವಿಗ್ರಹದ ಮುಂದೆ ಇರುತ್ತದೆ, ಬೋತ್ ಹೆಚ್ಚಾಗಿ ಖಾಲಿ ಇರುತ್ತದೆ. ಅಲ್ಲಿಗೆ ನೇರವಾಗಿ ಹೋಗಿ.

4. ಮೊದಲ ದಿನ: ನದಿಯ ಎರಡು ದಡ

ಮೊದಲ ದಿನ ನೋಡಬೇಕಾದ ಮೂರೂ ಹತ್ತಿರದಲ್ಲೇ ಇವೆ. ಬಿಟಿಎಸ್ (ಮೇಲ್ಸೇತುವೆಯ ಮೇಲೆ ಓಡುವ ರೈಲು) ಹಿಡಿದು ಸಫಾನ್ ತಾಕ್ಸಿನ್ ನಿಲ್ದಾಣದಲ್ಲಿ ಇಳಿದರೆ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಚಾವೋ ಪ್ರಾಯಾ ನದಿಯ ಎಕ್ಸ್‌ಪ್ರೆಸ್ ದೋಣಿಗಳಲ್ಲಿ ಕಿತ್ತಳೆ ಬಾವುಟದ್ದನ್ನು ಕೇಳಿ, ಊರಿನವರು ಕೆಲಸಕ್ಕೆ ಹೋಗುವ ದೋಣಿ ಅದು, ಅಗ್ಗ. ಪ್ರವಾಸಿಗರ ನೀಲಿ ದೋಣಿಯ ಟಿಕೆಟ್ ಮಾರುವವರು ಮೊದಲು ಎದುರಾಗುತ್ತಾರೆ, ಅದು ಮೋಸವಲ್ಲ, ದುಬಾರಿ ಅಷ್ಟೇ. ಅರಮನೆಗೆ ತಾ ಚಾಂಗ್ ಕಟ್ಟೆಯಲ್ಲಿ ಇಳಿಯಿರಿ. ದೋಣಿ ಬೇಡವೆಂದರೆ ಎಂಆರ್‌ಟಿ ಮೆಟ್ರೊದ ನೀಲಿ ಮಾರ್ಗದಲ್ಲಿ ಸನಮ್ ಚೈ ನಿಲ್ದಾಣವಿದೆ, ಅಲ್ಲಿಂದ ವಾಟ್ ಪೋ ಹತ್ತಿರ, ಅರಮನೆಗೆ ಇನ್ನೂ ಸ್ವಲ್ಪ ನಡೆಯಬೇಕು.

ಅರಮನೆ ಮತ್ತು ಅದರ ಆವರಣದೊಳಗಿನ ವಾಟ್ ಪ್ರಾ ಕೆಯೋ. ಬೆಳಗ್ಗೆ 8.30ಕ್ಕೆ ತೆರೆಯುತ್ತದೆ, 8.15ಕ್ಕೆ ಬಾಗಿಲ ಬಳಿ ಇರಿ. ಒಂಬತ್ತೂವರೆ ಆದರೆ ಪ್ರವಾಸಿ ಬಸ್ಸುಗಳೆಲ್ಲ ಬಂದಿರುತ್ತವೆ. ಮಧ್ಯಾಹ್ನ 3.30ರ ನಂತರ ಟಿಕೆಟ್ ಇಲ್ಲ. ವಿದೇಶಿಯರಿಗೆ 500 ಬಾತ್, ನಮ್ಮ ಲೆಕ್ಕದಲ್ಲಿ ಹಗುರವೇನಲ್ಲ, ಆದರೆ ಒಂದಕ್ಕೇ ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ.

1782ರಲ್ಲಿ ಒಂದನೇ ರಾಮ ಎಂದು ಕರೆಸಿಕೊಳ್ಳುವ ದೊರೆ ಬ್ಯಾಂಕಾಕ್ ಅನ್ನು ರಾಜಧಾನಿ ಮಾಡಿದಾಗ ಶುರುವಾದ ಅರಮನೆ ಇದು. ಒಳಗಿನ ಪಚ್ಚೆ ಬುದ್ಧ ಎಷ್ಟು ದೊಡ್ಡದೋ ಎಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ವಿಗ್ರಹದ ಎತ್ತರ ಸುಮಾರು 66 ಸೆಂಟಿಮೀಟರ್ ಮಾತ್ರ, ಅದೂ ಎತ್ತರದ ಪೀಠದ ಮೇಲೆ. ಹೆಸರಿಗೆ ಪಚ್ಚೆ, ನಿಜಕ್ಕೆ ಇನ್ನೊಂದು ಬಗೆಯ ಹಸಿರು ಕಲ್ಲು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆ ಚಿನ್ನದ ಉಡುಗೆ, ಬದಲಿಸುವುದು ದೊರೆಯೇ. ಒಳಗೆ ಫೋಟೊ ತೆಗೆಯುವಂತಿಲ್ಲ. ವಾಟ್ ಎಂದು ಕರೆದರೂ ಇಲ್ಲಿ ಭಿಕ್ಷುಗಳು ವಾಸಿಸುವುದಿಲ್ಲ, ಇದು ರಾಜಮನೆತನದ ಗುಡಿ.

ನಮ್ಮವರು ತಪ್ಪಿಸಿಕೊಳ್ಳಬಾರದ್ದು ಸುತ್ತಿನ ಪ್ರಾಂಗಣದ ಗೋಡೆ. ಥಾಯ್ ರಾಮಾಯಣವಾದ ರಾಮಕಿಯನ್‌ನ 178 ಚಿತ್ರಫಲಕಗಳು ಅಲ್ಲಿವೆ. ಉತ್ತರದ ಬಾಗಿಲಿನಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ನಡೆದರೆ ಕಥೆ ಸಾಲಾಗಿ ಸಿಗುತ್ತದೆ. ಬಿಳಿ ಕಪಿ ಹನುಮಂತ, ಹಸಿರು ಮುಖದವನು ತೋಸಕಾಂತ್, ಅಂದರೆ ದಶಕಂಠ ರಾವಣ. ಹನುಮಂತ ಇಲ್ಲಿ ಬ್ರಹ್ಮಚಾರಿಯಲ್ಲ, ಮೀನಿನ ರಾಣಿಯನ್ನೂ ಒಲಿಸಿಕೊಂಡವನು. ಬೇರೆ ದೇಶದ ಪ್ರವಾಸಿಗರಿಗೆ ಗೈಡ್ ಬೇಕಾಗುವ ಗೋಡೆ ಇದು, ನಿಮಗೆ ಬೇಡ. ಹತ್ತೂವರೆಯೊಳಗೆ ಮೂರು ಬದಿಯನ್ನಾದರೂ ನೋಡಿ ಮುಗಿಸಿ.

ವಾಟ್ ಪೋ. ಅರಮನೆಯಿಂದ ದಕ್ಷಿಣಕ್ಕೆ ಹತ್ತು ನಿಮಿಷದ ನಡಿಗೆ, ಟಿಕೆಟ್ 300 ಬಾತ್. ಮಲಗಿದ ಬುದ್ಧನ ಉದ್ದ 46 ಮೀಟರ್, ಎತ್ತರ 15 ಮೀಟರ್. ಪಾದಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿದ 108 ಮಂಗಳ ಚಿಹ್ನೆಗಳು. ಬೆನ್ನ ಹಿಂದಿನ ಸಾಲಿನಲ್ಲಿ 108 ಕಂಚಿನ ಬಟ್ಟಲುಗಳಿವೆ, 20 ಬಾತ್ ಕೊಟ್ಟು ಚಿಲ್ಲರೆ ನಾಣ್ಯ ಪಡೆದು ಒಂದೊಂದಕ್ಕೆ ಒಂದೊಂದು ಹಾಕುತ್ತ ಹೋಗಬಹುದು. ಜನಜಂಗುಳಿಯಲ್ಲಿ ಜೇಬಿನ ಮೇಲೆ ಕೈ ಇರಲಿ. ಹೆಚ್ಚಿನವರು ಇದಿಷ್ಟು ನೋಡಿ ಹೊರಟುಬಿಡುತ್ತಾರೆ. ನೀವು ಪೂರ್ವಕ್ಕೆ ನಡೆದು ಮುಖ್ಯ ಬೋತ್‌ಗೆ ಹೋಗಿ. ಸುತ್ತಿನ ಪಡಸಾಲೆಗಳಲ್ಲಿ ಸಾಲುಸಾಲು ಬುದ್ಧರು, ಒಳಗೆ ಕೂರಲು ತಂಪಾದ ನೆಲ. ಸಾಂಪ್ರದಾಯಿಕ ಥಾಯ್ ಅಂಗಮರ್ದನದ ಹೆಸರಾಂತ ಶಾಲೆಯೂ ಇದೇ ಆವರಣದ್ದು. ಕಾಲು ಸೋತಿದ್ದರೆ ಯೋಚಿಸಿ.

ವಾಟ್ ಅರುಣ್. ವಾಟ್ ಪೋ ಹತ್ತಿರದ ತಾ ತಿಯೆನ್ ಕಟ್ಟೆಯಿಂದ ಆಚೆ ದಡಕ್ಕೆ ಅಡ್ಡದೋಣಿ, ಐದು ಬಾತ್. ಟಿಕೆಟ್ 200. ಚೀನಾದಿಂದ ಹಡಗಿನಲ್ಲಿ ಬಂದ ಪಿಂಗಾಣಿಯ ಚೂರುಗಳನ್ನು ಹೂವಿನ ಆಕಾರದಲ್ಲಿ ಜೋಡಿಸಿದ ಪ್ರಾಂಗ್ ಇದು. ದೂರದಿಂದ ಬೂದು ಬಣ್ಣ, ಹತ್ತಿರ ಹೋದರೆ ಗಾಜುಬಳೆ ಅಂಗಡಿಯಂತೆ ಮಿನುಗುತ್ತದೆ. ಮೆಟ್ಟಿಲು ಬಹಳ ಕಡಿದು, ಏರುವುದಕ್ಕಿಂತ ಇಳಿಯುವುದು ಕಷ್ಟ. ಸೀರೆ, ಉದ್ದ ಲಂಗ ಉಟ್ಟವರು ಎಚ್ಚರ.

ಅರುಣೋದಯದ ಹೆಸರಿದ್ದರೂ ಇದರ ಸೊಗಸು ಸೂರ್ಯಾಸ್ತದಲ್ಲಿದೆ, ಅದೂ ಎದುರು ದಡದಿಂದ. ದೇವಾಲಯ ಪಶ್ಚಿಮ ದಡದಲ್ಲಿರುವುದರಿಂದ ಸೂರ್ಯ ಅದರ ಬೆನ್ನ ಹಿಂದೆ ಇಳಿಯುತ್ತಾನೆ. ಹಾಗಾಗಿ ನಾಲ್ಕಕ್ಕೆ ಅಲ್ಲಿ ಹೋಗಿ ನೋಡಿ, ಐದೂವರೆಗೆ ತಾ ತಿಯೆನ್ ಕಡೆ ವಾಪಸ್ ಬನ್ನಿ.

5. ನಡುವೆ ಊಟ

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯಾವ ದೇವಾಲಯವೂ ಬೇಡ, ಬಿಸಿಲು ಕೆಟ್ಟದ್ದು. ಸನಮ್ ಚೈಯಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಮುಂದೆ ಸಾಮ್ ಯೋತ್. ಅಲ್ಲಿ ಪಾಹುರಾತ್ ಎಂಬ ಬಟ್ಟೆ ಬಜಾರಿದೆ, ಭಾರತೀಯರ ಬೀದಿ. ಸಸ್ಯಾಹಾರಿ ಹೋಟೆಲುಗಳಿವೆ, ಚಿನ್ನದ ಗುಮ್ಮಟದ ಗುರುದ್ವಾರವೂ ಇದೆ. ಅನ್ನ ಸಾರು ಸಿಗಲಿಲ್ಲವೆಂದು ಕೊರಗಬೇಡಿ, ರೊಟ್ಟಿ ದಾಲ್‌ಗೆ ಕೊರತೆಯಿಲ್ಲ.

ಥಾಯ್ ಊಟವೇ ಬೇಕೆಂದರೆ ಹಳದಿ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ಥಾಯ್ ಲಿಪಿಯ ‘ಜೇ’ (เจ) ಎಂದು ಬರೆದಿರುವ ಅಂಗಡಿ ಹುಡುಕಿ. ಮಾಂಸ, ಮೊಟ್ಟೆ, ಮೀನಿನ ರಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಅದು. ಆ ಅಕ್ಷರವನ್ನು ಫೋನ್‌ನಲ್ಲಿ ಉಳಿಸಿಟ್ಟುಕೊಂಡು ತೋರಿಸಿ. ಬರೀ ‘ವೆಜ್’ ಎಂದರೆ ತರಕಾರಿ ಹಾಕಿ ಮೇಲೆ ಮೀನಿನ ಸಾಸ್ ಸುರಿದು ಕೊಡುತ್ತಾರೆ. ಅವರ ತಪ್ಪಲ್ಲ, ಅಲ್ಲಿ ಅದು ನಮ್ಮ ಉಪ್ಪಿನ ಜಾಗದಲ್ಲಿದೆ.

6. ಒಳಗೆ ಹೇಗಿರಬೇಕು

ಚಪ್ಪಲಿ ಬಿಡುವುದು, ಹೊಸಿಲು ತುಳಿಯದೆ ದಾಟುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮವರು ಎಡವುವುದು ಕಾಲಿನ ವಿಷಯದಲ್ಲಿ. ಪದ್ಮಾಸನ, ಚಕ್ಕಳಮಕ್ಕಳ ಸರಿ. ಆದರೆ ಕಾಲು ಸೋತಿತೆಂದು ವಿಗ್ರಹದ ಕಡೆಗೋ ಭಿಕ್ಷುವಿನ ಕಡೆಗೋ ಅಂಗಾಲು ಚಾಚಿದರೆ ದೊಡ್ಡ ಅವಮಾನ. ಅಲ್ಲಿನವರು ಎರಡೂ ಕಾಲನ್ನು ಒಂದು ಬದಿಗೆ ಹಿಂದಕ್ಕೆ ಮಡಚಿ ಕೂರುತ್ತಾರೆ, ಅವರನ್ನು ನೋಡಿ ಹಾಗೇ ಮಾಡಿ. ಪೂಜೆ ಮಾಡುತ್ತಿರುವವರ ಮುಂದೆ ನಿಲ್ಲಬೇಡಿ, ಹಿಂದೆ ಗೋಡೆಯ ಬಳಿ ಕೂತುಕೊಳ್ಳಿ. ಮಕ್ಕಳ ತಲೆ ನೇವರಿಸುವ ನಮ್ಮ ಅಭ್ಯಾಸವೂ ಅಲ್ಲಿ ಬೇಡ.

ಹೆಣ್ಣುಮಕ್ಕಳು ಭಿಕ್ಷುವನ್ನು ಮುಟ್ಟಬಾರದು, ಕೈಯಿಂದ ಕೈಗೆ ಏನನ್ನೂ ಕೊಡಬಾರದು. ಕೊಡುವುದಿದ್ದರೆ ಅವರು ಬಟ್ಟೆ ಹಾಸುತ್ತಾರೆ, ಅದರ ಮೇಲಿಡಿ. ದೋಣಿಯಲ್ಲಿ, ಬಸ್ಸಿನಲ್ಲಿ ಭಿಕ್ಷುಗಳಿಗೆ ಮೀಸಲಾದ ಜಾಗವಿರುತ್ತದೆ, ಅಲ್ಲಿ ಯಾರೂ ಕೂರಬೇಡಿ. ಮೇಲೆ ಹೇಳಿದ ದೇವಾಲಯಗಳ ಒಳಗೆ ಹೋಗಲು ಹೆಣ್ಣುಮಕ್ಕಳಿಗೆ ತಡೆಯಿಲ್ಲ.

ಪೂಜೆ ಕಡ್ಡಾಯವಲ್ಲ. ಮಾಡಬೇಕೆನಿಸಿದರೆ ಬಾಗಿಲಲ್ಲೇ ಒಂದು ತಾವರೆ ಮೊಗ್ಗು, ಒಂದು ಮೇಣದಬತ್ತಿ, ಮೂರು ಊದುಬತ್ತಿ, ಚಿನ್ನದ ಹಾಳೆಯ ಚೂರು ಸೇರಿಸಿ ಇಟ್ಟಿರುತ್ತಾರೆ. ಊದುಬತ್ತಿ ಮೂರಿರುವುದು ಬುದ್ಧ, ಧರ್ಮ, ಸಂಘ ಮೂರಕ್ಕೆ. ಮಂಗಳಾರತಿ ತಟ್ಟೆ, ತೀರ್ಥ, ಪ್ರಸಾದ ಎಂದು ಕಾಯಬೇಡಿ.

ವಿಗ್ರಹದ ಮೇಲೆ ಹತ್ತುವುದು, ತಬ್ಬಿಕೊಂಡು ಫೋಟೊ ತೆಗೆಸುವುದು ಬೇಡವೇ ಬೇಡ. ದೊರೆಯ ಭಾವಚಿತ್ರ ಎಲ್ಲೆಡೆ ಇರುತ್ತದೆ, ತಮಾಷೆಗೂ ಅದರ ಬಗ್ಗೆ ಮಾತಾಡಬೇಡಿ. ರಾಜನಿಂದನೆಗೆ ಅಲ್ಲಿ ಮೂರರಿಂದ ಹದಿನೈದು ವರ್ಷ ಜೈಲು, ಪ್ರವಾಸಿ ಎಂದು ರಿಯಾಯಿತಿ ಇಲ್ಲ.

7. ‘ಇವತ್ತು ಮುಚ್ಚಿದೆ’ ಎನ್ನುವವರು

ಇದಕ್ಕೆ ಬೇರೆ ಹಂತವೇ ಬೇಕು, ಏಕೆಂದರೆ ಒಬ್ಬರೇ ಇರುವವರನ್ನೇ ಇವರು ಹುಡುಕುವುದು. ಅರಮನೆಯ ಗೋಡೆಯುದ್ದಕ್ಕೂ ನಡೆಯುತ್ತಿರುವಾಗ ಇಸ್ತ್ರಿ ಮಾಡಿದ ಅಂಗಿಯ, ಒಳ್ಳೆಯ ಇಂಗ್ಲಿಷಿನ ಒಬ್ಬರು ಬಂದು ಮಾತಾಡಿಸುತ್ತಾರೆ. ಇಂಡಿಯಾವಾ, ನನ್ನ ತಮ್ಮ ಅಲ್ಲಿ ಓದುತ್ತಿದ್ದಾನೆ ಎನ್ನುತ್ತಾರೆ. ಆಮೇಲೆ: ಇವತ್ತು ಹಬ್ಬ, ಅರಮನೆ ಮಧ್ಯಾಹ್ನದವರೆಗೆ ಮುಚ್ಚಿದೆ, ಅಷ್ಟರಲ್ಲಿ ‘ಅದೃಷ್ಟ ಬುದ್ಧ’ನನ್ನು ನೋಡಿ ಬನ್ನಿ, ಸರ್ಕಾರಿ ಟುಕ್‌ಟುಕ್ 20 ಬಾತ್ ಅಷ್ಟೇ. ಟುಕ್‌ಟುಕ್ (ಅಲ್ಲಿನ ಆಟೋ) ಪಕ್ಕದಲ್ಲೇ ನಿಂತಿರುತ್ತದೆ. ಅದು ಒಂದು ಪುಟ್ಟ ಗುಡಿಗೆ, ಅಲ್ಲಿಂದ ಹರಳಿನ ಅಂಗಡಿಗೆ, ಅಲ್ಲಿಂದ ದರ್ಜಿ ಅಂಗಡಿಗೆ ಒಯ್ಯುತ್ತದೆ. ಗುಡಿಯಲ್ಲಿ ‘ಆಕಸ್ಮಿಕವಾಗಿ’ ಸಿಕ್ಕವರೊಬ್ಬರು ಈ ಹರಳು ನಿಮ್ಮ ದೇಶದಲ್ಲಿ ಮೂರು ಪಟ್ಟು ಬೆಲೆಗೆ ಹೋಗುತ್ತದೆ ಎಂದು ಹೇಳುವುದೂ ಆ ನಾಟಕದ ಭಾಗ. ಚಾಲಕನಿಗೆ ಅಂಗಡಿಯಿಂದ ಪೆಟ್ರೋಲ್ ಕೂಪನ್ ಸಿಗುತ್ತದೆ. ಊರಿಗೆ ಬಂದು ತೋರಿಸಿದರೆ ಹರಳಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಹುಟ್ಟುವುದಿಲ್ಲ.

ಮಾಡಬೇಕಾದದ್ದು ಇಷ್ಟೇ. ನಗುತ್ತ ಮುಂದೆ ನಡೆಯಿರಿ, ನಿಲ್ಲಬೇಡಿ. ಟಿಕೆಟ್ ಕೌಂಟರಿನವರು ಹೇಳಿದರೆ ಮಾತ್ರ ಮುಚ್ಚಿದೆ ಎಂದು ನಂಬಿ. ರಾಜಮನೆತನದ ಕಾರ್ಯಕ್ರಮವಿದ್ದ ದಿನ ನಿಜಕ್ಕೂ ಮುಚ್ಚುವುದುಂಟು, ಅದನ್ನು ಹಿಂದಿನ ರಾತ್ರಿಯೇ ಅರಮನೆಯ ಜಾಲತಾಣದಲ್ಲಿ ನೋಡಿಕೊಳ್ಳಿ.

ಇನ್ನೊಂದು ಸಣ್ಣ ಉಪಾಯ: ಪಾರಿವಾಳದ ಕಾಳಿನ ಪೊಟ್ಟಣವನ್ನು ‘ಫ್ರೀ’ ಎಂದು ಕೈಗೆ ತುರುಕಿ ಆಮೇಲೆ ದುಡ್ಡು ಕೇಳುವುದು. ಕೈ ಚಾಚದಿದ್ದರಾಯಿತು.

8. ಎರಡನೇ ದಿನ: ಜನ ಕಡಿಮೆ ಇರುವ ಕಡೆ

ಬೇಗ ಏಳಬಲ್ಲವರಾದರೆ ಬೆಳಗ್ಗೆ ಆರೂವರೆಗೆ ವಾಟ್ ಬೆಂಚಮಬೋಪಿತ್. ಇಟಲಿಯ ಕರಾರಾ ಅಮೃತಶಿಲೆಯಿಂದ ಐದನೇ ರಾಮನ ಕಾಲದಲ್ಲಿ ಕಟ್ಟಿದ್ದು, 2018ಕ್ಕೆ ಮುಂಚಿನ ಐದು ಬಾತ್ ನಾಣ್ಯದ ಹಿಂದೆ ಇರುವುದೂ ಇದೇ. ಬೇರೆ ಕಡೆ ಭಿಕ್ಷುಗಳು ಬೀದಿ ಬೀದಿ ನಡೆದು ಭಿಕ್ಷೆ ಪಡೆದರೆ, ಇಲ್ಲಿ ಅವರು ದೇವಾಲಯದ ಮುಂದೆ ನಿಂತಿರುತ್ತಾರೆ, ಜನರೇ ಅನ್ನ ತಂದು ಕೊಡುತ್ತಾರೆ. ದೂರದಿಂದ ನೋಡಿ, ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ.

ಅಲ್ಲಿಂದ ವಾಟ್ ಸುಥಾತ್. ಒಂದೇ ಜಾಗದಲ್ಲಿ ಸುಮ್ಮನೆ ಕೂರಬೇಕೆಂದರೆ ನನ್ನ ಆಯ್ಕೆ ಇದು. ಒಂದನೇ ರಾಮ ಹಳೆಯ ರಾಜಧಾನಿ ಸುಖೋಥೈಯಿಂದ ನದಿಯ ಮೂಲಕ ತರಿಸಿದ, ಎಂಟು ಮೀಟರ್ ಎತ್ತರದ ಕಂಚಿನ ಶಾಕ್ಯಮುನಿ ವಿಹಾನ್‌ನೊಳಗಿದ್ದಾನೆ. ಗೋಡೆ, ಕಂಬಗಳ ತುಂಬ ಹಳೆಯ ಚಿತ್ರಗಳು. ಪ್ರವಾಸಿ ಬಸ್ಸು ಇಲ್ಲಿಗೆ ಬರುವುದು ಅಪರೂಪ. ಹೊರಗಿನ ಕೆಂಪು ಮರದ ಎತ್ತರದ ಕಮಾನು ದೈತ್ಯ ಉಯ್ಯಾಲೆ, ಬ್ರಾಹ್ಮಣ ಪುರೋಹಿತರ ಉಯ್ಯಾಲೆ ಉತ್ಸವಕ್ಕೆ ಕಟ್ಟಿದ್ದು. 1935ರಲ್ಲಿ ತೂಗುವುದನ್ನು ನಿಲ್ಲಿಸಿದರು. ಹತ್ತಿರದಲ್ಲೇ ದೇವಸ್ಥಾನ್ ಎಂಬ ಸಣ್ಣ ಗುಡಿಯಿದೆ, ರಾಜಮನೆತನದ ಬ್ರಾಹ್ಮಣರದ್ದು. ಶಿವ, ಗಣೇಶ, ವಿಷ್ಣುವಿಗೆ ಬೇರೆ ಬೇರೆ ಮಂದಿರಗಳು.

ನಡೆದೇ ಹೋಗುವಷ್ಟು ದೂರದಲ್ಲಿ 37 ಲೋಹದ ಶಿಖರಗಳ ಲೋಹ ಪ್ರಾಸಾದ, ಅದರಾಚೆ ವಾಟ್ ಸಾಕೇತ್‌ನ ಚಿನ್ನದ ಗುಡ್ಡ. 344 ಮೆಟ್ಟಿಲು, ಸುತ್ತಿ ಸುತ್ತಿ ಏರುವುದರಿಂದ ಹೆಚ್ಚು ದಣಿವಾಗುವುದಿಲ್ಲ. 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾವಾದಲ್ಲಿ ಸಿಕ್ಕ ಬುದ್ಧನ ಅವಶೇಷಗಳಲ್ಲಿ ಒಂದು ಪಾಲನ್ನು ಅಂದಿನ ಬ್ರಿಟಿಷ್ ಸರ್ಕಾರ ಸಿಯಾಮ್ (ಥಾಯ್ಲೆಂಡ್‌ನ ಹಳೆಯ ಹೆಸರು) ದೊರೆಗೆ ಕೊಟ್ಟಿತ್ತು, ಅದನ್ನು ಇಲ್ಲಿ ಇಟ್ಟರು. ಸಂಜೆ ಐದರ ಹೊತ್ತಿಗೆ ಮೇಲಿರಿ, ಇಡೀ ಹಳೆಯ ಊರು ಕಾಣುತ್ತದೆ.

ಮೂರನೇ ದಿನವೂ ಇದ್ದರೆ ಚೀನೀ ಬಜಾರಿನ ವಾಟ್ ತ್ರೈಮಿತ್. ಐದೂವರೆ ಟನ್ ತೂಕದ ಚಿನ್ನದ ಬುದ್ಧ ಅಲ್ಲಿದ್ದಾನೆ. ಗಾರೆಯ ವಿಗ್ರಹವೆಂದೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಸ್ಥಳಾಂತರಿಸುವಾಗ ಗಾರೆ ಒಡೆದು ಒಳಗಿನ ಚಿನ್ನ ಕಂಡಿತು.

9. ದಿನ ನೋಡಿ ಹೋಗುವುದು

ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ತಿಂಗಳಿಗೆ ನಾಲ್ಕು ಸಲ ‘ವನ್ ಪ್ರಾ’ ಎಂಬ ಬೌದ್ಧರ ಪವಿತ್ರ ದಿನ ಬರುತ್ತದೆ. ಅಂದು ಊರಿನವರು ಹೆಚ್ಚು, ಪಠಣ, ಪ್ರವಚನ ಇರುತ್ತವೆ. ಗದ್ದಲ ಬೇಡವೆಂದರೆ ತಪ್ಪಿಸಿ, ನಿಜವಾದ ಪೂಜೆ ನೋಡಬೇಕೆಂದರೆ ಅಂದೇ ಹೋಗಿ. ವೈಶಾಖ ಹುಣ್ಣಿಮೆಯ ರಾತ್ರಿ ಜನ ಹೂವು, ಮೇಣದಬತ್ತಿ ಹಿಡಿದು ಬೋತ್‌ಗೆ ಮೂರು ಪ್ರದಕ್ಷಿಣೆ ಬರುತ್ತಾರೆ. ನೀವೂ ಸೇರಿಕೊಳ್ಳಬಹುದು, ಯಾರೂ ಬೇಡ ಎನ್ನುವುದಿಲ್ಲ.

10. ವಾಪಸ್ ತರುವುದು

ದೇವರಮನೆಗೆಂದು ಬುದ್ಧನ ವಿಗ್ರಹ ಕೊಳ್ಳುವ ಮುಂಚೆ ಯೋಚಿಸಿ. ಥಾಯ್ಲೆಂಡ್‌ನಿಂದ ಬುದ್ಧ ವಿಗ್ರಹ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಕುತ್ತಿಗೆಗೆ ಹಾಕಿಕೊಳ್ಳುವ ಸಣ್ಣ ತಾಯತಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಅನುಮತಿ ಪತ್ರ ಮಾಡಿಸಿಕೊಡುತ್ತೇನೆ ಎನ್ನುವ ಅಂಗಡಿಯಾದರೆ ಪತ್ರ ಕೈಗೆ ಬಂದ ಮೇಲೆ ದುಡ್ಡು ಕೊಡಿ. ಟೀ ಶರ್ಟಿನ ಮೇಲೆ, ಕಾಲೊರಸಿನ ಮೇಲೆ ಬುದ್ಧನ ಮುಖವಿರುವ ಸಾಮಾನು ಬೀದಿಯಲ್ಲಿ ಮಾರಾಟಕ್ಕಿದ್ದರೂ ಕೊಳ್ಳಬೇಡಿ. ಬುದ್ಧ ಅಲಂಕಾರದ ವಸ್ತುವಲ್ಲ ಎಂಬ ದೊಡ್ಡ ಫಲಕಗಳನ್ನು ವಿಮಾನ ನಿಲ್ದಾಣದ ದಾರಿಯಲ್ಲೇ ಹಾಕಿದ್ದಾರೆ. ನೆನಪಿಗೆ ಏನಾದರೂ ಬೇಕೆಂದರೆ ಪಾಹುರಾತ್‌ನಲ್ಲಿ ಹತ್ತಿ ಬಟ್ಟೆ ಅಗ್ಗ, ಚೌಕಾಸಿಗೆ ಹಿಂದಿಯೂ ನಡೆಯುತ್ತದೆ.